ಮಟ್ಟೆ ಕೊಳೆತ ನೀರು

ನಾನು ಆ ಶಾಲೆಗೆ ಕೆಲಸಕ್ಕೆ ಸೇರಿದ ದಿನ ಆರನೇ ತರಗತಿಯ ಕೆಲವು ಮಕ್ಕಳು ಕೋಣೆಯ ಹೊರಗೆ, ವರಾಂಡದ ಕಲ್ಲುಚಪ್ಪಡಿಯ ಮೇಲೆ ಸಾಲಾಗಿ ಕೂತಿದ್ದರು. ತಡವಾಗಿ ಬಂದದ್ದಕ್ಕೆ ಯಾರೋ ಶಿಕ್ಷೆ ಕೊಟ್ಟಿರಬೇಕು ಅಂದುಕೊಂಡು, “ಸಾಕು, ಒಳಗೆ ಬನ್ನಿ” ಅಂದೆ. ಯಾರೂ ಏಳಲಿಲ್ಲ.

ಒಳಗಿನಿಂದ ಒಬ್ಬ ಹುಡುಗ ಎದ್ದು ಹೇಳಿದ: “ಅವ್ರು ಅಲ್ಲೇ ಕೂರೋದು ಮಿಸ್. ವಾಸ್ನೆ ಬತ್ತದೆ.”

ಕ್ಲಾಸು ನಕ್ಕಿತು. ಹೊರಗೆ ಕೂತಿದ್ದವರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಇವಳೂ ಏನೂ ಮಾಡುವುದಿಲ್ಲ ಅಂತ ಆಗಲೇ ತೀರ್ಮಾನಿಸಿದ ಹಾಗಿತ್ತು ಆ ನೋಟ. ಕಿಟಕಿಯ ಸರಳುಗಳ ಸಂದಿಯಿಂದ ಅವರಿಗೆ ಕರಿಹಲಗೆಯ ಅರ್ಧ ಮಾತ್ರ ಕಾಣುತ್ತಿತ್ತು. ಬಲಗಡೆ ಬರೆದದ್ದು ಕಂಡರೆ ಕಂಡಿತು, ಎಡಗಡೆಯದು ಅವರ ಪಾಲಿಗೆ ಇರಲೇ ಇಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತಿಪಟೂರಿನ ಒಬ್ಬ ಟೈಲರ್ ಮಗಳು. ಟೀಚರ್ಸ್ ಟ್ರೈನಿಂಗ್ ಮುಗಿಸಿ, ಚಿಕ್ಕನಾಯಕನಹಳ್ಳಿ ಕಡೆಯ ಒಂದು ಊರಿನ ಮಾಧ್ಯಮಿಕ ಶಾಲೆಗೆ ನೇಮಕವಾಗಿದ್ದೆ. ಊರಿನ ಹೆಸರು ಬೇಡ. ಅಲ್ಲಿ ಬಾಡಿಗೆಗೆ ಮನೆ ಕೇಳಿದಾಗ ಮೂರು ಮನೆಯವರು ನನ್ನ ಹೆಸರು ಕೇಳಿ, ಆಮೇಲೆ ಮನೆ ಖಾಲಿಯಿಲ್ಲ ಅಂದರು. ಹಾಗಾಗಿ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಾಯಂಕಾಲ ವಾಪಸು ಬರುತ್ತಿದ್ದೆ. ದಾರಿಯುದ್ದಕ್ಕೂ ತೆಂಗಿನ ತೋಟ. ನೋಡುವವರಿಗೆ ತಂಪು.

ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಆ ಮಕ್ಕಳನ್ನು ಹೊರಗೆ ಯಾಕೆ ಕೂರಿಸಿದ್ದೀರಿ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು.

“ನೋಡೀಮ್ಮ, ಜಾತಿಗೀತಿ ಅಂತ ನೀವು ತಿಳ್ಕೊಂಡೀರಿ. ಅದೆಲ್ಲ ಇಲ್ಲ ನಮ್ಮಲ್ಲಿ. ಇದು ಸರ್ಕಾರದ ಶಾಲೆ. ಆ ಮಕ್ಕಳು ತೆಂಗಿನ ಮಟ್ಟೆ ಕೊಳೆಹಾಕೋ ನೀರಲ್ಲಿ ಬಿದ್ದು ಒದ್ದಾಡ್ತವೆ. ಮೈಯೆಲ್ಲ ನಾತ. ಮಿಕ್ಕಿದ ಮಕ್ಕಳು ಪಾಠ ಕೇಳೋದು ಬ್ಯಾಡ್ವಾ? ಆರೋಗ್ಯದ ಪ್ರಶ್ನೆ ಇದು.”

“ಎಲ್ಲರೂ ಕೇರಿಯ ಮಕ್ಕಳೇ ಅಲ್ವಾ ಸಾರ್?”

“ಮಟ್ಟೆ ಕೆಲ್ಸ ಮಾಡೋರು ಅವ್ರೇ ಅಲ್ವೇನಮ್ಮ, ಅದಕ್ಕೆ ಯಾರೇನು ಮಾಡಕಾಗ್ತದೆ?” ಅಂದರು. ನಿಜವಾಗಿಯೂ ಉತ್ತರ ಕೊಟ್ಟೆ ಅನ್ನುವ ನೆಮ್ಮದಿ ಇತ್ತು ಅವರ ಮುಖದಲ್ಲಿ. ಆ ನೆಮ್ಮದಿಯನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಅವತ್ತು ಸಾಯಂಕಾಲದ ಬಸ್ಸು ಬಿಟ್ಟು ಕೆರೆಯ ಕಡೆ ನಡೆದೆ. ಶಾಲೆಯ ಹಿಂದಿನ ಇಳಿಜಾರಿನಲ್ಲೇ ಕೆರೆ. ಕೆರೆಯ ಒಂದು ಮೂಲೆಯನ್ನು ಊರಿನ ಕೊಬ್ಬರಿ ಮಂಡಿಯ ಯಜಮಾನರು ತಮ್ಮದೇ ಎನ್ನುವಂತೆ ಮಾಡಿಕೊಂಡಿದ್ದರು. ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ಅಲ್ಲಿ ರಾಶಿ ಹಾಕಿ, ಮೇಲೆ ಕಲ್ಲು ಮಣ್ಣು ಹೇರಿ, ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಕೊಳೆತ ಮೇಲೆ ಕೇರಿಯ ಹೆಂಗಸರು ಸೊಂಟದವರೆಗಿನ ನೀರಿಗೆ ಇಳಿದು ಅದನ್ನು ಎಳೆದು ತಂದು, ದಡದ ಕಲ್ಲಿನ ಮೇಲೆ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದರು. ನಾರು ಲಾರಿ ಹತ್ತಿ ಹೋಗುತ್ತಿತ್ತು. ನೀರು ಅಲ್ಲೇ ಉಳಿಯುತ್ತಿತ್ತು, ಕಾಫಿ ಡಿಕಾಕ್ಷನ್ನಿನ ಬಣ್ಣ, ಮೇಲೆ ಎಣ್ಣೆಯಂಥ ಪೊರೆ. ಅದರ ನಾತ ಒಮ್ಮೆ ಮೂಗಿಗೆ ಹೊಕ್ಕರೆ ಊಟದ ತಟ್ಟೆಯವರೆಗೂ ಬರುತ್ತದೆ.

ಎರಡು ಜಡೆಯ ಹುಡುಗಿ ಅಲ್ಲಿದ್ದಳು. ಅವಳ ತಾಯಿ ಮಟ್ಟೆ ಬಡಿಯುತ್ತಿದ್ದಳು. ನನ್ನನ್ನು ಕಂಡು ಕೊಡತಿ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು.

“ನಮ್ ಹುಡ್ಗಿ ಏನಾರ ತಪ್ಪು ಮಾಡುದ್ಲಾ ಟೀಚರಮ್ಮ?”

ಇಲ್ಲ ಅಂದೆ. ವರಾಂಡದ ವಿಷಯ ಕೇಳಿದೆ. ಅವಳು ಮಗಳ ಕಡೆ ನೋಡಿ, ಆಮೇಲೆ ಕೇರಿಯ ಬಾವಿ ತೋರಿಸಿದಳು. ಬಾವಿ ಇದ್ದದ್ದು ಕೆರೆಯ ಆ ಮೂಲೆಯಿಂದ ಕೂಗಳತೆಯೂ ಇಲ್ಲದಷ್ಟು ಹತ್ತಿರ.

“ಬಸಿನೀರು ಅದ್ಕೇ ಇಳೀತದೆ ಕಣವ್ವ. ಅದ್ನೇ ಕುಡೀಬೇಕು, ಅದ್ರಲ್ಲೇ ಮೀಯಬೇಕು. ಸೀಗೇಪುಡಿ ಹಾಕಿ ತಿಕ್ತೀನಿ, ಸೋಪು ಹಾಕಿ ತಿಕ್ತೀನಿ. ತಿಕ್ಕಿ ತಿಕ್ಕಿ ಮಗಿನ ಚರ್ಮ ಕಿತ್ತೋಗದೆ. ವಾಸ್ನೆ ಮಾತ್ರ ಹೋಗಕಿಲ್ಲ. ನೀರೇ ನಾರ್ತದೆ, ನೀರ್ನಲ್ಲಿ ತೊಳುದ್ರೆ ಹೋಯ್ತದಾ?”

ಹುಡುಗಿಯ ಮೊಣಕೈ ನೋಡಿದೆ. ಕಲ್ಲಿನಿಂದ ಉಜ್ಜಿದ ಹಾಗೆ ಕೆಂಪಗೆ ಒಡೆದಿತ್ತು.

ಮೇಲಿನ ಬೀದಿಯಲ್ಲಿ ಸರ್ಕಾರದ ಬೋರಿಂಗ್ ಇತ್ತು. ಸಿಹಿನೀರು. ಕೇರಿಯವರು ಅಲ್ಲಿಗೆ ಬರಬಾರದು ಅಂತ ಯಾರೂ ಬೋರ್ಡು ಬರೆದಿರಲಿಲ್ಲ. ಬಂದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಅಂದರೆ ಒಳ್ಳೆಯ ನೀರು ಮುಟ್ಟಲು ಬಿಡುವುದಿಲ್ಲ, ಇರುವ ನೀರನ್ನು ಕೊಳೆಸುತ್ತಾರೆ, ಆ ನೀರಿನ ವಾಸನೆ ಬರುತ್ತದೆ ಅಂತ ಮಕ್ಕಳನ್ನು ಹೊರಗೆ ಕೂರಿಸುತ್ತಾರೆ. ಆಮೇಲೆ ಅದಕ್ಕೆ ಆರೋಗ್ಯ ಅಂತ ಹೆಸರಿಡುತ್ತಾರೆ.

“ಈ ಮಟ್ಟೆ ಹಾಕೋದನ್ನೇ ನಿಲ್ಲಿಸಬೇಕು” ಅಂದೆ ನಾನು.

ತಾಯಿಯ ಮುಖ ಬದಲಾಯಿತು. “ಅಂಗನ್ಬ್ಯಾಡಿ. ನಿಲ್ಸಿಬುಟ್ರೆ ನಾವು ಉಣ್ಣೋದೇನ? ಕೆರೆ ಬುಟ್ಟು ಬ್ಯಾರೆ ಕಡೆ ಗುಂಡಿ ತೋಡಿ ಹಾಕ್ಕಳ್ಳಿ ಅನ್ನಿ. ಅವ್ರಿಗೇನು ತೋಟ ಇಲ್ವಾ?”

ನನ್ನ ಸಿಟ್ಟಿಗಿಂತ ಅವಳ ಮಾತಿಗೆ ನೆಲ ಗಟ್ಟಿಯಿತ್ತು.

ಮರುದಿನ ವರಾಂಡದ ಮಕ್ಕಳನ್ನು ಒಳಗೆ ಕರೆತಂದು ಕೂರಿಸಿದೆ. ಹಿಂದಿನ ಸಾಲಿನಲ್ಲಲ್ಲ, ಎಲ್ಲರ ಮಧ್ಯೆ. ಕೆಲವರು ಮೂಗು ಮುಚ್ಚಿಕೊಂಡರು. ಒಬ್ಬ ಹುಡುಗನಂತೂ ಮೂಗು ಮುಚ್ಚಿಕೊಂಡೇ ಪುಸ್ತಕ ಎತ್ತಿಕೊಂಡು ಬೇರೆ ಮೂಲೆಗೆ ಹೋದ. ವಾಸನೆ ಇರಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಇತ್ತು. ಆದರೆ ಆ ವಾಸನೆಗೆ ಒಂದು ವಿಳಾಸ ಇತ್ತು, ಅದನ್ನು ಆ ಮಕ್ಕಳ ಮೈಮೇಲೆ ಬರೆಯುವುದನ್ನು ನಾನು ಒಪ್ಪಲಾರೆ.

ವಿಜ್ಞಾನದ ಪಾಠ ನನ್ನದೇ. ನೀರಿನ ಪಾಠ ಪುಸ್ತಕದಲ್ಲಿ ಇತ್ತು, ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ ಅಂತ ಬಾಯಿಪಾಠ ಮಾಡಿಸುವ ಪಾಠ. ನಮ್ಮಪ್ಪ, ಅಂದರೆ ಅಬ್ಬಾ, ತಮ್ಮ ಅಂಗಡಿಯಲ್ಲಿ ಅಂಗಿಗುಂಡಿ ತುಂಬಿಡುತ್ತಿದ್ದ ಗಾಜಿನ ಭರಣಿಗಳಲ್ಲಿ ಕೆಲವನ್ನು ಕೇಳಿ ತಂದೆ. ಇಡೀ ಕ್ಲಾಸನ್ನು ಕರೆದುಕೊಂಡು ಊರು ಸುತ್ತಿದೆ. ಬೋರಿಂಗಿನ ನೀರು, ಕೆರೆಯ ಆಚೆ ದಡದ ನೀರು, ಮಟ್ಟೆ ಮೂಲೆಯ ನೀರು, ಕೇರಿ ಬಾವಿಯ ನೀರು ಒಂದೊಂದು ಭರಣಿಯಲ್ಲಿ ತುಂಬಿದೆವು. ಕೇರಿಗೆ ಅವತ್ತಿನವರೆಗೆ ಕಾಲಿಡದ ಮಕ್ಕಳೇ ಹೆಚ್ಚು. ಬಾವಿಯಿಂದ ನೀರು ಸೇದಿದವಳು ಎರಡು ಜಡೆಯ ಹುಡುಗಿ. ಸೇದುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಭರಣಿಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಬಿಸಿಲು ಬಿದ್ದಾಗ ಮೊದಲನೆಯದು ಗಾಜಿನಷ್ಟೇ ತಿಳಿ, ಕೊನೆಯ ಎರಡು ಕಂದು. ಯಾವುದು ಮಟ್ಟೆ ನೀರು, ಯಾವುದು ಕುಡಿಯುವ ನೀರು ಅಂತ ಮಕ್ಕಳಿಗೆ ಹೇಳಲಾಗಲಿಲ್ಲ. ಮೂಗು ಮುಚ್ಚಿಕೊಂಡಿದ್ದ ಹುಡುಗನೇ ಎರಡನ್ನೂ ಮೂಸಿ ನೋಡಿದ.

“ಇವ್ರು ಇದ್ನೇ ಕುಡಿಯೋದಾ ಮಿಸ್?”

“ಅವಳನ್ನೇ ಕೇಳಪ್ಪ.”

ಅವನು ಹುಡುಗಿಯ ಕಡೆ ತಿರುಗಿದ. “ಹ್ಞೂಂ ಕಣ್ಲಾ, ಇದ್ನೇ” ಅಂದಳು ಅವಳು. ಆ ಕ್ಲಾಸಿನಲ್ಲಿ ಅವರಿಬ್ಬರು ಮೊದಲ ಸಲ ಮಾತಾಡಿಕೊಂಡದ್ದು ಅದೇ ಇರಬೇಕು.

“ಬಾವಿಗೆ ಈ ಬಣ್ಣ ಎಲ್ಲಿಂದ ಬಂತು?” ಅಂತ ಕೇಳಿದೆ. ಕೆರೆಯಿಂದ, ಅಂದರು. ಕೆರೆಗೆ? ಮಟ್ಟೆಯಿಂದ. “ಮಟ್ಟೆ ಯಾರದು?” ಅಂದೆ. ಆರನೇ ಕ್ಲಾಸಿನ ಮಕ್ಕಳಿಗೂ ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ಗೊತ್ತಿರುತ್ತದೆ. ಮುಂದಿನ ಸಾಲಿನಲ್ಲಿದ್ದ ಯಜಮಾನರ ಮೊಮ್ಮಗಳು ಮಾತ್ರ ಕೈ ಎತ್ತಿದಳು. ಪ್ರಶ್ನೆಗೆ ಉತ್ತರ ಗೊತ್ತಿದೆ ಅನ್ನುವ ಖುಷಿ ಅವಳಿಗೆ.

“ನಮ್ದು ಮಿಸ್.”

ಮಾರನೆಯ ದಿನ ಅವಳು ಬರಲಿಲ್ಲ. ವಾರ ಕಳೆದು ಬಂದಳು. ಆಮೇಲೆ ಆ ವರ್ಷವಿಡೀ ನಾನು ಏನು ಕೇಳಿದರೂ ಕೈ ಎತ್ತಲಿಲ್ಲ. ಮನೆಯಲ್ಲಿ ಏನು ಹೇಳಿದರೋ, ಏನು ಮಾಡಿದರೋ. ನಿಜ ಹೇಳಿದ ಮಗುವಿನ ಕೈಯನ್ನೂ ಅವರು ಮೇಲೇಳಲು ಬಿಡಲಿಲ್ಲ.

ಹೆಡ್‌ಮಾಸ್ಟರು ಭರಣಿಗಳನ್ನು ಚೆಲ್ಲಿಸಿದರು. “ಯಜಮಾನ್ರು ನಮ್ ಶಾಲಾ ಸುಧಾರಣಾ ಸಮಿತಿ ಅಧ್ಯಕ್ಷರು. ಹೆಂಚು ಹಾಕಿಸ್ಕೊಟ್ಟೋರು ಅವ್ರು. ನೀವು ಹೊರಗಿನಿಂದ ಬಂದೋರು, ನಿಮಗೆ ಊರಿನ ಹದ ಗೊತ್ತಿಲ್ಲ” ಅಂದರು. ಹೊರಗಿನಿಂದ ಬಂದೋರು ಅನ್ನುವಾಗ ಒಂದು ಗಳಿಗೆ ತಡೆದು ಹೇಳಿದರು. ಆ ತಡೆಯ ಅರ್ಥ ನನಗೆ ಚಿಕ್ಕಂದಿನಿಂದ ಪರಿಚಯ. ಊರಿನಿಂದ ತಿಪಟೂರು ಎಷ್ಟು ದೂರ? ನನ್ನ ಮುತ್ತಜ್ಜನ ಗೋರಿ ಇದೇ ತಾಲ್ಲೂಕಿನ ಮಣ್ಣಿನಲ್ಲಿದೆ. ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಯಜಮಾನರ ಕಡೆಯವನೊಬ್ಬ ಅಬ್ಬಾನ ಅಂಗಡಿಗೂ ಬಂದು ಹೋದ. ಯಜಮಾನರ ಮನೆಯ ಮದುವೆಗೆ ಅಂಗಿ ಹೊಲಿಯಲು ಕೊಡುತ್ತಿದ್ದದ್ದು ನಮಗೇ. ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ ಸಾಹೇಬ್ರೇ, ಅಂದನಂತೆ. ಅಬ್ಬಾ ಹೆದರಿಕೆಯ ಮನುಷ್ಯ. ಮನೆಗೆ ಬಂದು ಊಟ ಮಾಡದೆ ಕೂತರು. “ಏನಂದ್ರಿ ಅವನಿಗೆ?” ಅಂತ ಕೇಳಿದೆ. “ಏನೂ ಅನ್ನಲಿಲ್ಲ ಬೇಟಾ. ಮಿಶನ್ ತುಳೀತಾನೇ ಇದ್ದೆ” ಅಂದರು. ಅವರಿಂದ ಅಷ್ಟು ಸಾಧ್ಯವಾಗಿತ್ತು. ನನಗೆ ಅದು ಕಡಿಮೆ ಅನಿಸಲಿಲ್ಲ.

ಮಳೆಗಾಲ ಬಂತು, ಜೊತೆಗೆ ವನಮಹೋತ್ಸವವೂ ಬಂತು. ತಾಲ್ಲೂಕಿನಿಂದ ವಿದ್ಯಾಧಿಕಾರಿಗಳು ಬರುವವರಿದ್ದರು. ಶಾಲೆಯ ಮುಂದೆ ಶಾಮಿಯಾನ, ಮೈಕು, ಅಧ್ಯಕ್ಷತೆಗೆ ಯಜಮಾನರು. ಹಿಂದಿನ ವರ್ಷ ನೆಟ್ಟ ಸಸಿಗಳು ಮೇಕೆ ಬಾಯಿಗೆ ಹೋಗಿದ್ದವು, ಗುಂಡಿಗಳು ಮುಚ್ಚಿಹೋಗಿದ್ದವು. ಅವೇ ಗುಂಡಿಗಳನ್ನು ಮತ್ತೆ ತೋಡಲು ಬೆಳಿಗ್ಗೆಯೇ ಕೇರಿಯ ಮಕ್ಕಳನ್ನು ಹಚ್ಚಿದ್ದರು. ನಾನು ಬಸ್ಸಿನಿಂದ ಇಳಿಯುವ ಹೊತ್ತಿಗೆ ಎರಡು ಜಡೆಯ ಹುಡುಗಿ ಬಕೆಟ್ಟಿನಲ್ಲಿ ನೀರು ಹೊರುತ್ತಿದ್ದಳು.

“ನಿಮಗೆ ಮಾತ್ರ ಯಾಕೆ ಕೆಲಸ?” ಅಂದೆ.

“ಶಾಮಿಯಾನದ್ ಹತ್ರ ಬರಬ್ಯಾಡಿ ಅಂದವ್ರೆ ಮಿಸ್. ಸಾಹೇಬ್ರು ಹೋಗೋಗಂಟ ತೋಟದ್ ಕಡೆ ಇರಿ ಅಂದವ್ರೆ.”

ಬಕೆಟ್ಟು ಕೆಳಗಿಡಿಸಿದೆ. ಎಲ್ಲರಿಗೂ ಕೈಕಾಲು ತೊಳೆಸಿ, ನನ್ನ ಕ್ಲಾಸಿನ ಜೊತೆ, ಮುಂದಿನ ಜಮಖಾನದ ಮೇಲೆ ಕೂರಿಸಿದೆ. ಹೆಡ್‌ಮಾಸ್ಟರು ದೂರದಿಂದ ಕೈಸನ್ನೆ ಮಾಡಿದರು. ನೋಡದ ಹಾಗೆ ನಿಂತೆ.

ಅಧಿಕಾರಿಗಳು ಮರ ಮಳೆ ತರುತ್ತದೆ ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಯಜಮಾನರು ಎದ್ದರು. ಬಿಳಿ ಪಂಚೆ, ಬಿಳಿ ಶರಟು, ಒಳ್ಳೆಯ ಗಂಟಲು.

“ಪ್ರಕೃತಿ ನಮ್ಮ ತಾಯಿ ಕಣ್ರಪ್ಪ. ಮಕ್ಕಳೇ, ನೀರು ಅಂದ್ರೆ ಗಂಗಮ್ಮ. ಗಂಗಮ್ಮನ್ನ ಹೊಲಸು ಮಾಡಬಾರದು. ನಿಮ್ಮ ನಿಮ್ಮ ಮನೆ ಸುತ್ತ ಚೊಕ್ಕಟವಾಗಿ ಇಟ್ಕಬೇಕು. ಕೆಲವರಿಗೆ ಚೊಕ್ಕಟ ಅನ್ನೋದೇ ಗೊತ್ತಿಲ್ಲ...”

ಹೇಳುತ್ತಾ ಅವರ ಕಣ್ಣು ಮುಂದಿನ ಜಮಖಾನದ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಕೆರೆಯ ಕಡೆಯಿಂದ ಗಾಳಿ ಬೀಸಿ, ಆ ನಾತ ಶಾಮಿಯಾನದ ಒಳಗೇ ಬಂತು. ಅಧಿಕಾರಿಗಳು ಕರ್ಚೀಫು ತೆಗೆದರು. ಕೆಲವು ಹಿರಿಯರು ತಿರುಗಿ ನೋಡಿದ್ದು ಕೆರೆಯನ್ನಲ್ಲ, ಆ ಮಕ್ಕಳನ್ನು.

ನನಗೆ ತಡೆಯಲಾಗಲಿಲ್ಲ. ನಿಂತಲ್ಲಿಂದಲೇ ಹೇಳಿದೆ: “ಯಜಮಾನರೇ, ಆ ವಾಸನೆ ನಿಮ್ಮ ಮಟ್ಟೆಯದು. ಗಂಗಮ್ಮನ ಮೇಲೆ ಅಷ್ಟು ಭಕ್ತಿ ಇದ್ದರೆ ಕೆರೆಯಿಂದ ತೆಗೆಸಿ. ಈ ಮಕ್ಕಳು ಕುಡಿಯೋ ಬಾವಿಗೆ ಅದು ಇಳೀತಿದೆ.”

ಅಧಿಕಾರಿಗಳು ಕೈಗಡಿಯಾರ ನೋಡಿಕೊಂಡರು. ಹೆಡ್‌ಮಾಸ್ಟರು ಓಡಿ ಬಂದು ಮೈಕು ಹಿಡಿದು, “ಈಗ ಮಕ್ಕಳಿಂದ ಗೀತೆ” ಅಂದರು. ಮಕ್ಕಳು ಹಾಡಿದರು. ಸಸಿ ನೆಟ್ಟರು. ಉಪ್ಪಿಟ್ಟು ತಿಂದರು. ಜೀಪು ಹೋಯಿತು.

ವಾರದೊಳಗೆ ನನಗೆ ಮೆಮೊ ಬಂತು. ಹಿರಿಯರನ್ನು ಸಾರ್ವಜನಿಕವಾಗಿ ಅವಮಾನಿಸಿದ್ದಕ್ಕೆ ವಿವರಣೆ ಕೊಡಬೇಕಂತೆ. ಅವಮಾನ! ಮಕ್ಕಳನ್ನು ವರ್ಷಗಟ್ಟಲೆ ವರಾಂಡದಲ್ಲಿ ಕೂರಿಸಿದ್ದಕ್ಕೆ ಯಾರಿಂದಲೂ ಯಾರೂ ವಿವರಣೆ ಕೇಳಿರಲಿಲ್ಲ.

ಕೇರಿಗೆ ಹೋಗಿ ಹುಡುಗಿಯ ತಾಯಿಗೆ ಅದನ್ನು ಹೇಳಿದೆ. ಅವಳು ನನಗೆ ಕಣ್ಣೀರು ತೋರಿಸಲಿಲ್ಲ, ಕೈಯನ್ನೂ ಮುಗಿಯಲಿಲ್ಲ.

“ನೀವು ಕೂಗುದ್ರಿ, ಏನಾಯ್ತು? ಗಿಡ ನೆಟ್ರು, ಮನಿಗೋದ್ರು. ಇನ್ ನಾವು ನೋಡ್ಕತೀವಿ ಬುಡಿ.”

ಮರುದಿನದಿಂದ ಹೆಂಗಸರು ಯಾರೂ ಕೆರೆಗೆ ಇಳಿಯಲಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ. ಕೊಡತಿಗಳನ್ನು ಮನೆಯ ಒಳಗಿಟ್ಟು ಬಾಗಿಲಲ್ಲಿ ಕೂತರು. ಕೇಳಲು ಬಂದವನಿಗೆ ಒಂದೇ ಮಾತು: ಮಟ್ಟೆಯನ್ನ ನಿಮ್ ತೋಟದ ಗುಂಡಿಗೆ ಹಾಕಿ, ಅಲ್ಲಿಗೆ ಬತ್ತೀವಿ, ಕೆರೆಗೆ ಬರಕಿಲ್ಲ. ಹದವಾಗಿ ಕೊಳೆತ ಮಟ್ಟೆಯನ್ನು ಆಗಲೇ ಎತ್ತದಿದ್ದರೆ ನಾರು ಕಪ್ಪಾಗಿ ಕೆಡುತ್ತದೆ. ಯಜಮಾನರು ಬೇರೆ ಊರಿನಿಂದ ಆಳು ಕರೆಸಿದರು. ಬಂದವರು ನೀರಿಗೆ ಇಳಿದು, ಮಧ್ಯಾಹ್ನಕ್ಕೆ ಮೇಲೆ ಬಂದು, ಈ ನಾತದಲ್ಲಿ ಮನುಷ್ಯರು ಕೆಲಸ ಮಾಡ್ತಾರಾ ಅಂತ ಬೈದು ವಾಪಸು ಹೋದರು. ಆ ಬೈಗುಳ ಊರಿನ ಹೋಟೆಲಿನಲ್ಲೆಲ್ಲ ಸುತ್ತಾಡಿತು. ಅದೇ ನಾತದಲ್ಲಿ ಕೇರಿಯವರು ಬದುಕುತ್ತಿದ್ದಾರೆ ಅನ್ನುವುದು ಅಲ್ಲಿ ಯಾರಿಗೂ ಹೊಳೆದಂತಿರಲಿಲ್ಲ.

ಹೆಂಗಸರ ಒಲೆ ಆ ದಿನಗಳಲ್ಲಿ ಹೇಗೆ ಉರಿಯಿತು ಅಂತ ನಾನು ಕೇಳಲಿಲ್ಲ. ಹುಡುಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಿರಲಿಲ್ಲ, ಹುಣಸೇ ಮರದ ಕೆಳಗೆ ಕೂತಿರುತ್ತಿದ್ದಳು. ನನ್ನ ಡಬ್ಬಿಯ ರೊಟ್ಟಿ ಮುಂದಿಟ್ಟರೆ, “ಉಂಡ್ಕಂಡ್ ಬಂದಿವ್ನಿ ಮಿಸ್” ಅನ್ನುತ್ತಿದ್ದಳು. ಮೂಗು ಮುಚ್ಚುತ್ತಿದ್ದ ಹುಡುಗ ಒಂದು ದಿನ ಎರಡು ಮುದ್ದೆ ಕಟ್ಟಿಸಿಕೊಂಡು ಬಂದು, “ತಿನ್ನೇ, ನಮ್ಮವ್ವ ಜಾಸ್ತಿ ಕಟ್ಟೌಳೆ” ಅಂದ. ಅವನದನ್ನು ತಿಂದಳು. ಆ ವಿಷಯ ಮನೆಗೆ ತಿಳಿದು ಅವನ ಬೆನ್ನ ಮೇಲೆ ಬಾಸುಂಡೆ ಎದ್ದವು. ಅಂಗಿ ಎತ್ತಿ ತೋರಿಸಿದಾಗ ನಾನು ಹೆಡ್‌ಮಾಸ್ಟರ ಹತ್ತಿರ ಕರೆದುಕೊಂಡು ಹೋದೆ. ಅದು ಅವರ ಮನೆ ವಿಷಯ, ಅಂದರು.

ಕೊನೆಗೆ ಯಜಮಾನರು ಸೋತರು. ಸೋತೆ ಅಂತ ಹೇಳಲಿಲ್ಲ, ತೋಟದಲ್ಲಿ ಗುಂಡಿ ತೋಡಿಸಿದರು. ಕೆರೆಯ ಮಟ್ಟೆ ಎತ್ತಿಸಿದರು. ಕೇರಿಯವರು ತಮ್ಮ ಬಾವಿಯ ನೀರನ್ನು ತಾವೇ ಎತ್ತಿ ಚೆಲ್ಲಿ, ತಳದ ಕೆಸರು ತೆಗೆದು, ಸುಣ್ಣ ಹಾಕಿದರು. ಮೊದಮೊದಲು ಮತ್ತೆ ಕಂದು ನೀರೇ ಊರಿತು. ಮಳೆಗಾಲ ಮುಗಿಯುವ ಹೊತ್ತಿಗೆ ತಿಳಿಯಾಯಿತು. ಊರಿನವರು ಯಾರೂ ಆ ಕಡೆ ತಲೆ ಹಾಕಲಿಲ್ಲ.

ಬೇಸಿಗೆ ರಜೆಗೆ ಮುಂಚೆ ನನಗೆ ತುರುವೇಕೆರೆ ಕಡೆಗೆ ವರ್ಗವಾಯಿತು. ಮಾರನೇ ವರ್ಷ ಜಿಲ್ಲೆಯ ಸಮಾರಂಭದಲ್ಲಿ ಆ ಹೆಡ್‌ಮಾಸ್ಟರಿಗೆ ಶಾಲು ಹೊದಿಸಿದರು, ಶಾಲೆಯನ್ನೂ ಊರಿನ ಕೆರೆಯನ್ನೂ ಚೊಕ್ಕಟವಾಗಿ ಇಟ್ಟುಕೊಂಡದ್ದಕ್ಕೆ. ಸಭೆಯ ಹಿಂದಿನ ಸಾಲಿನಲ್ಲಿ ನಾನೂ ಕೂತಿದ್ದೆ. ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಮೇಷ್ಟರು, “ಏನ್ರೀ, ಅಷ್ಟೂ ಹೊಟ್ಟೆಕಿಚ್ಚಾ?” ಅಂದರು.

ನಾನು ಆ ಶಾಲೆಗೆ ಸೇರಿ ಎರಡು ವರ್ಷವಾದ ಮೇಲೆ, ಹೈಸ್ಕೂಲು ಶುರುವಾಗುವ ಕಾಲದಲ್ಲಿ, ಆ ಹುಡುಗಿ ತಾಯಿಯ ಜೊತೆ ಅಬ್ಬಾನ ಅಂಗಡಿಗೆ ಯೂನಿಫಾರ್ಮ್ ಹೊಲಿಸಲು ಬಂದಳು. ತಿಪಟೂರಿನ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತ್ತು. ಎತ್ತರವಾಗಿದ್ದಳು. ಮೊಣಕೈ ಗುಣವಾಗಿ ಕಲೆಯಷ್ಟೇ ಉಳಿದಿತ್ತು. ಅಬ್ಬಾ ಟೇಪು ಹಿಡಿದು ಅಳತೆ ತೆಗೆಯುವಾಗ ಅವಳು ಶಾಲೆಯ ಸುದ್ದಿ ಹೇಳಿದಳು. ನಾನು ಹೋದಮೇಲೂ ಯಾರನ್ನೂ ವರಾಂಡಕ್ಕೆ ಕಳಿಸಲಿಲ್ಲವಂತೆ. ವಾಸನೆ ಹೋಗಿತ್ತಲ್ಲ, ನೆಪ ಸಿಗಲಿಲ್ಲ. ಆದರೆ ಕುಡಿಯುವ ನೀರಿಗೆ ಹಂಡೆ ತರಿಸಿದ್ದರು. ಕೇರಿಯ ಮಕ್ಕಳು ಮಾತ್ರ ಅದನ್ನು ಮುಟ್ಟದೆ ಬೊಗಸೆ ಹಿಡಿದು ನಿಲ್ಲಬೇಕಿತ್ತು. ಬೇರೆಯವರು ಮೇಲಿನಿಂದ ಹುಯ್ಯಬೇಕು.

“ಈಗ ಯಾವ ನಾತ ಬತ್ತಿತ್ತಂತೆ ಅವ್ರಿಗೆ?” ಅಂದೆ. ನನ್ನ ದನಿ ಏರಿತು.

“ನಾನೂ ಅದ್ನೇ ಕೇಳ್ದೆ ಮಿಸ್. ನಾನೇ ಚೊಂಬು ಅದ್ದಿ ಕುಡುದ್ಬುಟ್ಟೆ. ಹಂಡೆ ತೊಳುಸುದ್ರು. ಮಾರ್ನೆ ದಿನ ಮತ್ ಕುಡುದೆ. ಮತ್ ತೊಳುಸುದ್ರು. ನಂಗೇನು, ಹಂಡೆ ಫಳಫಳ ಅಂತಿತ್ತು. ಆಮೇಲ್ ಅವ್ರಿಗೇ ಸಾಕಾಗೋಯ್ತು.”

ಅಬ್ಬಾ ಟೇಪು ಬಿಟ್ಟು ಜೋರಾಗಿ ನಕ್ಕರು. ತಾಯಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಚೊಂಬು ನೀರಿಗಾಗಿ ಏಳನೇ ಕ್ಲಾಸಿನ ಹುಡುಗಿ ದಿನಾ ಹಾಗೆ ಎದ್ದು ಹೋಗಬೇಕಾಗಿತ್ತೇ? ತೋಳಿನ ಅಳತೆ ಇನ್ನೂ ಬಾಕಿ ಇತ್ತು. “ಕೈ ಚಾಚಮ್ಮಾ” ಅಂದರು ಅಬ್ಬಾ. ಅವಳು ಚಾಚಿದಳು.